ತೂಕ, ತಟ್ಟೆ ಮತ್ತು ಕಿಡ್ನಿಯ ಲೆಕ್ಕ

ಇದು ಒಂದು ಸಂಜೆ ಕೊಟ್ಟ ಉಪನ್ಯಾಸ. ಬರಹಕ್ಕೆ ಇಳಿಸುವಾಗ ಎರಡೆರಡು ಸಲ ಹೇಳಿದ್ದನ್ನು ಕೈಬಿಟ್ಟಿದ್ದೇನೆ. ಕೊನೆಗೆ ಬಂದ ಪ್ರಶ್ನೆಗಳಲ್ಲಿ ಕೆಲವನ್ನು ಮಾತ್ರ ಉಳಿಸಿಕೊಂಡಿದ್ದೇನೆ.

ಎಲ್ಲರಿಗೂ ನಮಸ್ಕಾರ. ಮಾತಿಗೆ ಮೊದಲು ಒಂದು ಸಣ್ಣ ಕೆಲಸ. ಯಾರಾದರೂ ಒಬ್ಬರು ಮೇಲೆ ಬನ್ನಿ, ಬಿಪಿ ನೋಡೋಣ.

ಎರಡನೇ ಸಾಲಿನಿಂದ ಒಬ್ಬರು ಎದ್ದು ಬಂದರು. ನಡುವಯಸ್ಸು, ದಪ್ಪ ಮೈ, ನಗುಮುಖ. ಮಾಮೂಲಿ ತೋಳುಪಟ್ಟಿ ಸುತ್ತಿದೆ. ಅದರ ತುದಿ ಸರಿಯಾಗಿ ಕೂರಲೇ ಇಲ್ಲ, ಎಳೆದು ಅಂಟಿಸಬೇಕಾಯಿತು. 154/96 ಬಂತು. ಸಭೆಯಲ್ಲಿ ಸಣ್ಣಗೆ ಗುಜುಗುಜು. ಐದು ನಿಮಿಷ ಕುರ್ಚಿಗೆ ಒರಗಿ ಕೂತಿರಿ, ಕಾಲ ಮೇಲೆ ಕಾಲು ಹಾಕಬೇಡಿ, ಮಾತೂ ಬೇಡ ಅಂದೆ. ಆಮೇಲೆ ಚೀಲದಿಂದ ದೊಡ್ಡ ಪಟ್ಟಿ ತೆಗೆದು ಸುತ್ತಿದೆ. 138/88.

ಅದೇ ಮನುಷ್ಯ, ಅದೇ ತೋಳು. ಬದಲಾದದ್ದು ಎರಡೇ. ಒಂದು ವಿಶ್ರಾಂತಿ, ಇನ್ನೊಂದು ಪಟ್ಟಿಯ ಅಳತೆ. ತೋಳು ದಪ್ಪವಿದ್ದು ಪಟ್ಟಿ ಚಿಕ್ಕದಾದರೆ, ಒಳಗಿನ ರಕ್ತನಾಳವನ್ನು ಅದುಮಲು ಹೆಚ್ಚು ಗಾಳಿ ಬೇಕಾಗುತ್ತದೆ. ಯಂತ್ರ ಅದನ್ನೇ ಬಿಪಿ ಅಂತ ಬರೆದುಕೊಳ್ಳುತ್ತದೆ. ಇದು ಹಳೇ ತೊಂದರೆ. 1896ರಲ್ಲಿ ಇಟಲಿಯ ರಿವಾ-ರೋಚಿ ತೋಳುಪಟ್ಟಿಯ ಯಂತ್ರ ಮಾಡಿದಾಗ ಪಟ್ಟಿ ತುಂಬಾ ಕಿರಿದಾಗಿತ್ತು, ಅಂಕಿ ಜಾಸ್ತಿ ತೋರಿಸುತ್ತಿತ್ತು. ಐದು ವರ್ಷಗಳ ನಂತರ ಜರ್ಮನಿಯ ರೆಕ್ಲಿಂಗ್‌ಹೌಸೆನ್ ಅದನ್ನು ಅಗಲ ಮಾಡಿದರು. ಇಂದಿಗೂ ಎಷ್ಟೋ ಕಡೆ ಒಂದೇ ಪಟ್ಟಿಯಲ್ಲಿ ಎಲ್ಲರ ಬಿಪಿ ಅಳೆಯುತ್ತಾರೆ. ದಪ್ಪಗಿರುವವರಿಗೆ ಮೊದಲ ಅನ್ಯಾಯ ಆಗುವುದೇ ಇಲ್ಲಿ. ತೂಕ ಮತ್ತು ಬಿಪಿಯ ವಿಷಯ ಮಾತಾಡುವವರು ಮೊದಲು ಸರಿಯಾಗಿ ಅಳೆಯಬೇಕು, ಅಲ್ವಾ?

ಹಾಗಂತ ಎಲ್ಲಾ ಪಟ್ಟಿಯ ಮೋಸ ಅಂತಲ್ಲ. 138/88 ಕೂಡ ಕಮ್ಮಿಯೇನಲ್ಲ. 140/90 ದಾಟಿದರೆ ಅಧಿಕ ರಕ್ತದೊತ್ತಡ ಅನ್ನುವುದು ಹೆಚ್ಚಿನ ಕಡೆಯ ಲೆಕ್ಕ. ಅಮೆರಿಕದ ಹೃದಯ ವೈದ್ಯರ ಸಂಘಗಳು 2017ರಲ್ಲಿ ಆ ಗೆರೆಯನ್ನು 130/80ಕ್ಕೆ ಇಳಿಸಿದವು. ಗೆರೆ ಎಲ್ಲಾದರೂ ಎಳೆಯಲಿ, ನಮ್ಮ ಸ್ನೇಹಿತರು ಅದರ ಹತ್ತಿರವೇ ನಿಂತಿದ್ದಾರೆ. ಯಾಕೆ ನಿಂತಿದ್ದಾರೆ ಅನ್ನುವುದು ಇವತ್ತಿನ ಮಾತು.

ಕೇಳಿದರೆ ಎರಡು ಉತ್ತರ ಬರುತ್ತದೆ. “ಟೆನ್ಷನ್ ಜಾಸ್ತಿ ಡಾಕ್ಟ್ರೇ” ಅನ್ನುವುದು ಒಂದು. “ಉಪ್ಪು ಆಗಲೇ ಬಿಟ್ಟಿದ್ದೀನಲ್ಲ” ಅನ್ನುವುದು ಇನ್ನೊಂದು. ಬೆಲ್ಟಿನ ಯಾವ ತೂತಿಗೆ ಬಂದಿದ್ದೀನಿ ಅನ್ನುವುದನ್ನು ತಾವಾಗಿ ಹೇಳುವವರು ಅಪರೂಪ. ಅಮೆರಿಕದ ಫ್ರೇಮಿಂಗ್‌ಹ್ಯಾಮ್ ಊರಿನ ಜನರನ್ನು 1948ರಿಂದ ತಲೆಮಾರುಗಟ್ಟಲೆ ಹಿಂಬಾಲಿಸಿದ ಅಧ್ಯಯನವಿದೆ. ಬೇರೆ ಕಾಯಿಲೆಯಿಂದಲ್ಲದೆ ತಾನಾಗಿ ಬರುವ ಬಿಪಿಯಲ್ಲಿ ಮೂರರಲ್ಲಿ ಎರಡು ಪಾಲಿಗೆ, ಗಂಡಸರಲ್ಲಿ ಇನ್ನೂ ಜಾಸ್ತಿಗೆ, ಹೆಚ್ಚಿದ ಮೈಕೊಬ್ಬು ಕಾರಣ ಅಂತ ಅದರ ಅಂದಾಜು ಹೇಳಿತು. ಟೆನ್ಷನ್ನಿಗೆ ಅಷ್ಟು ದೊಡ್ಡ ಪಾಲು ಯಾರೂ ಕೊಟ್ಟಿಲ್ಲ.

ಈಗ ಮುಖ್ಯ ವಿಷಯ. ಬಿಪಿ ಅಂದ ತಕ್ಷಣ ನಾವು ಹೃದಯ ನೋಡುತ್ತೇವೆ. ನಾನು ನಿಮ್ಮನ್ನು ಸ್ವಲ್ಪ ಕೆಳಗೆ, ಬೆನ್ನಿನ ಕಡೆ ಕರೆದುಕೊಂಡು ಹೋಗುತ್ತೇನೆ. ಕಿಡ್ನಿ ಇರುವ ಜಾಗಕ್ಕೆ.

ಎರಡೂ ಕಿಡ್ನಿ ಸೇರಿ ದಿನಕ್ಕೆ ಸುಮಾರು 180 ಲೀಟರ್ ಸೋಸುತ್ತವೆ. ಅದರಲ್ಲಿ ಮೂತ್ರವಾಗಿ ಹೊರಗೆ ಹೋಗುವುದು ಒಂದೂವರೆ ಲೀಟರ್ ಆಸುಪಾಸು. ಉಳಿದದ್ದೆಲ್ಲಾ ವಾಪಸ್. ಎಷ್ಟು ಉಪ್ಪು ಇಟ್ಟುಕೊಳ್ಳಬೇಕು, ಎಷ್ಟು ಬಿಡಬೇಕು ಅನ್ನುವ ಲೆಕ್ಕ ಈ ವಾಪಸಾತಿಯಲ್ಲೇ ನಡೆಯುತ್ತದೆ. ಇವತ್ತು ಬಾಯಿಂದ ಬಂದ ಉಪ್ಪು ಹೆಚ್ಚುಕಮ್ಮಿ ಇವತ್ತು ನಾಳೆಯೊಳಗೆ ಹೊರಗೆ ಹೋಗಲೇಬೇಕು. ಒಳಗೇ ಉಳಿದರೆ ಅದರ ಜೊತೆ ನೀರೂ ಉಳಿಯುತ್ತದೆ, ರಕ್ತದ ಗಾತ್ರ ಏರುತ್ತದೆ, ಒತ್ತಡ ಏರುತ್ತದೆ. ಒತ್ತಡ ಏರಿದರೆ ಕಿಡ್ನಿ ಹೆಚ್ಚು ಉಪ್ಪು ಬಿಡುತ್ತದೆ, ಒತ್ತಡ ಇಳಿಯುತ್ತದೆ. ಚೆನ್ನಾಗಿರುವ ವ್ಯವಸ್ಥೆ.

ಇದನ್ನು ಬಿಡಿಸಿ ತೋರಿಸಿದವರು ಆರ್ಥರ್ ಗೈಟನ್. ವೈದ್ಯ ವಿದ್ಯಾರ್ಥಿಗಳು ಇವತ್ತಿಗೂ ಓದುವ ಶರೀರಶಾಸ್ತ್ರದ ಪುಸ್ತಕ ಇವರದ್ದೇ. ಸರ್ಜನ್ ಆಗಬೇಕೆಂದಿದ್ದ ಮನುಷ್ಯ, ಪೋಲಿಯೊ ಬಂದು ಆ ದಾರಿ ಮುಚ್ಚಿತು. ಕೂತಲ್ಲೇ ರಕ್ತ ಪರಿಚಲನೆಯ ಲೆಕ್ಕ ಹಾಕಿದರು. 1972ರಲ್ಲಿ ಅವರು ಮತ್ತು ಜೊತೆಗಾರರು ಪ್ರಕಟಿಸಿದ ಒಂದು ನಕ್ಷೆ ನೋಡಿದರೆ ರೇಡಿಯೊ ರಿಪೇರಿಯ ಚಿತ್ರದ ಹಾಗೆ ಕಾಣುತ್ತದೆ. ಮುನ್ನೂರೈವತ್ತಕ್ಕೂ ಹೆಚ್ಚು ಚೌಕಗಳು! ಅಷ್ಟರಿಂದ ಹೊರಟ ಮಾತು ಮಾತ್ರ ಸರಳ. ಬಿಪಿ ವರ್ಷಗಟ್ಟಲೆ ಎತ್ತರದಲ್ಲಿ ನಿಂತಿದ್ದರೆ, ಕಿಡ್ನಿ ಆ ಎತ್ತರಕ್ಕೆ ಒಗ್ಗಿಕೊಂಡಿದೆ ಅಂತಲೇ ಅರ್ಥ. ಮೊದಲು 120ರಲ್ಲಿ ಹೊರಹಾಕುತ್ತಿದ್ದ ಅದೇ ಉಪ್ಪನ್ನು ಈಗ 145 ಆಗುವವರೆಗೆ ಹೊರಹಾಕುವುದಿಲ್ಲ. ಹಟ ಹಿಡಿದ ಮಗುವಿನ ಹಾಗೆ.

ಹಾಗಾದರೆ ಈ ಹಟ ಎಲ್ಲಿಂದ ಬಂತು? ಬೊಜ್ಜು ಕಿಡ್ನಿಯನ್ನು ಒಂದಲ್ಲ, ಹಲವು ಕಡೆಯಿಂದ ಹಿಡಿಯುತ್ತದೆ.

ಮೊದಲನೆಯದು ಬರೀ ಒತ್ತುವಿಕೆ. ಹೊಟ್ಟೆಯೊಳಗಿನ ಕೊಬ್ಬು ಅಂದರೆ ಚರ್ಮದ ಕೆಳಗೆ ಕೈಯಲ್ಲಿ ಹಿಡಿಯಲು ಸಿಗುವುದಲ್ಲ, ಕರುಳು ಕಿಡ್ನಿಗಳ ಸುತ್ತ ಕೂರುವುದು. ಕಿಡ್ನಿ ಮೆತ್ತನೆ ಅಂಗ, ಆದರೆ ಅದರ ಸುತ್ತ ಹಿಗ್ಗದ ಪೊರೆ. ಹೊರಗಿನಿಂದ ಕೊಬ್ಬು ಒತ್ತಿದರೆ, ಅದರ ಒಳಗುಳಿಯಲ್ಲೂ ಕೊಬ್ಬು ತುಂಬಿದರೆ, ಒಳಗಿನ ಸೂಕ್ಷ್ಮ ಕೊಳವೆಗಳು ಅದುಮಿಕೊಳ್ಳುತ್ತವೆ. ಹರಿವು ನಿಧಾನ ಆದಷ್ಟೂ ಉಪ್ಪು ವಾಪಸ್ ಹೀರುವುದು ಜಾಸ್ತಿ. ತೂಕ ಒಂದೇ ಇದ್ದರೂ ಹೊಟ್ಟೆ ಮುಂದೆ ಬಂದವರಿಗೆ ಅಪಾಯ ಹೆಚ್ಚು, ಸೊಂಟದ ಕೆಳಗೆ ದಪ್ಪ ಇರುವವರಿಗೆ ಕಮ್ಮಿ ಅನ್ನುವುದಕ್ಕೆ ಇದೂ ಒಂದು ಕಾರಣ. ದಪ್ಪದಲ್ಲೂ ಎರಡು ಬಗೆ ಇದೆ ಅಂತ ಫ್ರಾನ್ಸಿನ ಜಾನ್ ವಾಗ್ ಎಂಬ ವೈದ್ಯರು 1947ರಲ್ಲೇ ಬರೆದಿದ್ದರು. ನಾವು ಇನ್ನೂ ತೂಕದ ಯಂತ್ರವನ್ನೇ ನಂಬಿ ಕೂತಿದ್ದೇವೆ. ಒಂದು ದಾರ ಸಾಕು. ನಿಮ್ಮ ಎತ್ತರದಷ್ಟು ದಾರ ಕತ್ತರಿಸಿ, ಅದನ್ನು ಅರ್ಧಕ್ಕೆ ಮಡಚಿ, ಹೊಟ್ಟೆಗೆ ಸುತ್ತಿ. ಮುಟ್ಟಿದರೆ ಸರಿ. ಮುಟ್ಟದಿದ್ದರೆ ಯೋಚನೆ ಮಾಡಬೇಕು. ಉಸಿರು ಎಳೆದು ಹೊಟ್ಟೆ ಒಳಗೆ ಹಾಕಿಕೊಂಡು ಅಳೆಯಬೇಡಿ, ಅಷ್ಟೇ.

ಎರಡನೆಯದು ನನಗೆ ತುಂಬಾ ಇಷ್ಟವಾದ ಕಥೆ. ಕೊಬ್ಬಿನ ಕೋಶ ಸುಮ್ನೆ ಬಿದ್ದಿರುವ ಮೂಟೆಯಲ್ಲ. ಅದು ಲೆಪ್ಟಿನ್ ಅನ್ನುವ ಹಾರ್ಮೋನ್ ಕಳಿಸುತ್ತದೆ. 1994ರಲ್ಲಿ ಜೆಫ್ರಿ ಫ್ರೀಡ್‌ಮನ್ ಅವರ ತಂಡ ಇದರ ಜೀನ್ ಪತ್ತೆ ಮಾಡಿತು. ಲೆಪ್ಟಿನ್ ಮೆದುಳಿಗೆ ಹೇಳುವುದು “ಸಾಕು, ಇಲ್ಲಿ ದಾಸ್ತಾನು ತುಂಬಿದೆ” ಅಂತ. ಮೆದುಳು ಎರಡು ಕೆಲಸ ಮಾಡಬೇಕು. ಹಸಿವು ತಗ್ಗಿಸಬೇಕು, ಮೈಯ ಬಿಸಿ ಸ್ವಲ್ಪ ಏರಿಸಿ ಖರ್ಚು ಹೆಚ್ಚಿಸಬೇಕು. ಬೊಜ್ಜು ಬಂದವರಲ್ಲಿ ಹಸಿವು ತಗ್ಗಿಸುವ ಮಾತು ಮೆದುಳಿಗೆ ಸರಿಯಾಗಿ ಕೇಳಿಸುವುದಿಲ್ಲ. ಆದರೆ ನರಗಳನ್ನು ಚುರುಕು ಮಾಡುವ ಮಾತು ಮಾತ್ರ ಕೇಳಿಸುತ್ತಲೇ ಇರುತ್ತದೆ. ಆ ನರಗಳು ಕಿಡ್ನಿಗೂ ಹೋಗುತ್ತವೆ, ಉಪ್ಪು ಹಿಡಿದುಕೋ ಅನ್ನುತ್ತವೆ.

ಇದು ನಿಜ ಅಂತ ಹೇಗೆ ಗೊತ್ತಾಯಿತು? ಕೆಲವರಿಗೆ ಹುಟ್ಟಿನಿಂದಲೇ ಮೆದುಳಿನಲ್ಲಿ ಈ ಸಂದೇಶ ದಾಟಿಸುವ ಒಂದು ಕೊಂಡಿ ಕೆಟ್ಟಿರುತ್ತದೆ. ಸಣ್ಣ ವಯಸ್ಸಿನಿಂದಲೇ ತೀರದ ಹಸಿವು, ವಿಪರೀತ ದಪ್ಪ. ಇಂಥವರ ಬಿಪಿ ಆಕಾಶ ಮುಟ್ಟಿರಬೇಕಲ್ಲವೆ? 2009ರಲ್ಲಿ ಬ್ರಿಟನ್ನಿನ ಸಂಶೋಧಕರು ನೋಡಿದಾಗ ಉಲ್ಟಾ ಕಂಡಿತು. ಅಷ್ಟೇ ದಪ್ಪವಿರುವ ಬೇರೆಯವರಿಗೆ ಹೋಲಿಸಿದರೆ ಇವರಲ್ಲಿ ಬಿಪಿ ಇದ್ದವರ ಪ್ರಮಾಣ ಅರ್ಧಕ್ಕಿಂತ ಕಮ್ಮಿ. ಅದೇ ಕೊಂಡಿಯನ್ನು ಚುರುಕು ಮಾಡುವ ಔಷಧಿ ಕೊಟ್ಟು ನೋಡಿದರೆ ಬಿಪಿ ಏರಿತು. ಅಂದರೆ ಬರೀ ಭಾರ ಹೊರುವುದರಿಂದ ಬಿಪಿ ಬರುವುದಲ್ಲ. ಕೊಬ್ಬು ಕಳಿಸುವ ಸುದ್ದಿ, ಅದು ಹೋಗುವ ನರದ ದಾರಿ, ಇವೂ ಬೇಕು.

ಮೂರನೆಯದು ಹಾರ್ಮೋನುಗಳ ಸರಪಳಿ. ಕಿಡ್ನಿಯಿಂದ ರೆನಿನ್, ಅದರಿಂದ ಆಂಜಿಯೊಟೆನ್ಸಿನ್, ಅದರಿಂದ ಆಲ್ಡೊಸ್ಟೆರೋನ್. ನಾಳ ಬಿಗಿ ಮಾಡು, ಉಪ್ಪು ಉಳಿಸು ಅನ್ನುವುದೇ ಇವುಗಳ ಕೆಲಸ. ಬೊಜ್ಜಿನಲ್ಲಿ ಈ ಸರಪಳಿ ಜೋರಾಗುತ್ತದೆ. ನಿಮ್ಮಲ್ಲಿ ಹಲವರು ನುಂಗುವ ಬಿಪಿ ಮಾತ್ರೆಯ ಹೆಸರು ‘ಪ್ರಿಲ್’ ಅಂತಲೋ ‘ಸಾರ್ಟನ್’ ಅಂತಲೋ ಮುಗಿಯುತ್ತದಲ್ಲ, ಅವು ಕತ್ತರಿಸುವುದು ಇದೇ ಸರಪಳಿಯನ್ನು. ಇದರ ಮೇಲೆ ಇನ್ಸುಲಿನ್ ಹೆಚ್ಚಾಗುವುದೂ ಇದೆ. ಅದೂ ಉಪ್ಪು ಉಳಿಸುವ ಕಡೆಗೇ ವಾಲುತ್ತದೆ.

ಗೊರಕೆಯ ವಿಷಯ ಒಂದು ಮಾತು. ಕುತ್ತಿಗೆಯ ಸುತ್ತ ಕೊಬ್ಬು ಸೇರಿ ನಿದ್ದೆಯಲ್ಲಿ ಉಸಿರುದಾರಿ ಮುಚ್ಚಿಹೋಗುವವರಿದ್ದಾರೆ. ಗೊರಕೆ ನಿಲ್ಲುತ್ತದೆ, ಮನೆಯವರಿಗೆ ಸಮಾಧಾನ. ಹತ್ತಿಪ್ಪತ್ತು ಸೆಕೆಂಡು ಸದ್ದೇ ಇಲ್ಲ. ಆಮೇಲೆ ದೊಡ್ಡ ಉಸಿರು. ಆ ಸದ್ದಿಲ್ಲದ ಹೊತ್ತೇ ಅಪಾಯ. ಪ್ರತಿ ಸಲವೂ ಮೈ ಗಾಬರಿಯಾಗಿ ಎದ್ದ ಹಾಗೆ ಒತ್ತಡ ಜಿಗಿಯುತ್ತದೆ. ರಾತ್ರಿ ಇಳಿಯಬೇಕಾದ ಬಿಪಿ ಇಳಿಯುವುದೇ ಇಲ್ಲ. ಎರಡು ಮೂರು ಮಾತ್ರೆಗೂ ಬಗ್ಗದ ಬಿಪಿ ಇದ್ದರೆ ಪಕ್ಕದಲ್ಲಿ ಮಲಗುವವರನ್ನು ಕೇಳಿ ನೋಡಬೇಕು.

ಸರಿ, ತೂಕದ ಮಾತಾಯಿತು. ತಟ್ಟೆಗೆ ಬರೋಣ.

1940ರ ದಶಕ. ಬಿಪಿಗೆ ನೆಟ್ಟಗೆ ಒಂದು ಔಷಧಿಯೂ ಇರಲಿಲ್ಲ. ಜರ್ಮನಿಯಿಂದ ಅಮೆರಿಕಕ್ಕೆ ಬಂದಿದ್ದ ವಾಲ್ಟರ್ ಕೆಂಪ್ನರ್ ಎಂಬ ವೈದ್ಯರು ಡ್ಯೂಕ್ ವಿಶ್ವವಿದ್ಯಾಲಯದಲ್ಲಿ ಒಂದು ವಿಚಿತ್ರ ಪಥ್ಯ ಶುರು ಮಾಡಿದರು. ಬಿಳಿ ಅನ್ನ, ಹಣ್ಣು, ಹಣ್ಣಿನ ರಸ, ಸಕ್ಕರೆ. ಉಪ್ಪು ಸೊನ್ನೆಗೆ ಹತ್ತಿರ. ಕೆಲವು ದಿನ ಮಾತ್ರ ಅಂತ ಅವರ ಯೋಚನೆ. ಒಬ್ಬ ಹೆಂಗಸಿಗೆ ಎರಡು ವಾರ ಬಿಟ್ಟು ಬನ್ನಿ ಅಂದರು. ಅವರ ಜರ್ಮನ್ ಉಚ್ಚಾರಣೆ ಆಕೆಗೆ ಅರ್ಥವಾಗದೆ ಎರಡು ತಿಂಗಳು ಬಿಟ್ಟು ಬಂದರು. ಬಂದಾಗ ಬಿಪಿ ಇಳಿದಿತ್ತು, ಕಣ್ಣಿನ ಒಳಪದರದ ರಕ್ತಸ್ರಾವ ವಾಸಿಯಾಗಿತ್ತು, ಎಕ್ಸ್‌ರೇಯಲ್ಲಿ ಹೃದಯದ ಗಾತ್ರವೂ ಕುಗ್ಗಿತ್ತು. ಒಂದು ತಪ್ಪು ತಿಳಿವಳಿಕೆಯಿಂದ ಹುಟ್ಟಿದ ಚಿಕಿತ್ಸೆ! ಆ ಪಥ್ಯ ಯಾರೂ ಮಾಡಬೇಕಿಲ್ಲ, ಮಾಡಲೂಬಾರದು. ಆದರೆ ತಿನ್ನುವುದನ್ನು ಬದಲಿಸಿದರೆ ಇಷ್ಟು ಕೆಟ್ಟ ಬಿಪಿಯೂ ಬಗ್ಗುತ್ತದೆ ಅಂತ ವೈದ್ಯರು ಕಣ್ಣಾರೆ ಕಂಡರು.

ಆಮೇಲೆ ದೊಡ್ಡ ಅಳತೆಯ ಕೆಲಸ ನಡೆಯಿತು. 1988ರಲ್ಲಿ ಬಂದ ಇಂಟರ್‌ಸಾಲ್ಟ್ ಅಧ್ಯಯನದಲ್ಲಿ 32 ದೇಶಗಳ 52 ಕಡೆ ಹತ್ತು ಸಾವಿರಕ್ಕೂ ಹೆಚ್ಚು ಜನರ ಇಡೀ ದಿನದ ಮೂತ್ರ ಸಂಗ್ರಹಿಸಿ ಉಪ್ಪು ಅಳೆದರು. ಅಮೆಜಾನ್ ಕಾಡಿನ ಯಾನೊಮಾಮಿ ಜನರ ಮೂತ್ರದಲ್ಲಿ ಉಪ್ಪು ಇಲ್ಲವೇ ಇಲ್ಲ ಅನ್ನುವಷ್ಟು ಕಮ್ಮಿ. ಅವರ ಸರಾಸರಿ ಬಿಪಿ 95/61ರ ಆಸುಪಾಸು. ವಯಸ್ಸಾದರೂ ಏರುವುದಿಲ್ಲ. ಇದನ್ನು ಉಪ್ಪಿನ ವಿರುದ್ಧದ ಸಾಕ್ಷಿ ಅಂತ ಎಲ್ಲರೂ ಹೇಳುತ್ತಾರೆ. ಒಂದು ಮಾತನ್ನು ಮಾತ್ರ ಬಿಟ್ಟುಬಿಡುತ್ತಾರೆ. ಅವರಲ್ಲಿ ಬೊಜ್ಜು ಕೂಡ ಇಲ್ಲ, ದಿನವಿಡೀ ಮೈಮುರಿಯುವ ಓಡಾಟ. ಯಾವುದರ ಫಲ ಎಷ್ಟು ಅಂತ ಬಿಡಿಸುವುದು ಸುಲಭವಲ್ಲ.

ಬಿಡಿಸಲು ಹೊರಟ ಪ್ರಯೋಗವೂ ಇದೆ. 1997ರ ಡ್ಯಾಶ್ ಪ್ರಯೋಗ. 459 ಜನ. ಎಂಟು ವಾರ ಊಟವನ್ನೆಲ್ಲಾ ಸಂಶೋಧಕರೇ ಕೊಟ್ಟರು. ಯಾರ ತೂಕವೂ ಇಳಿಯದ ಹಾಗೆ, ಏರದ ಹಾಗೆ ನೋಡಿಕೊಂಡರು. ಉಪ್ಪೂ ಎಲ್ಲರಿಗೂ ಸಮ. ಬದಲಾದದ್ದು ತಟ್ಟೆಯ ಉಳಿದ ಭಾಗ. ಹಣ್ಣು, ತರಕಾರಿ, ಕೆನೆ ತೆಗೆದ ಹಾಲು ಮೊಸರು, ಕಾಳು, ಬೀಜಗಳು ಜಾಸ್ತಿ. ಸಿಹಿ, ಕೊಬ್ಬು, ಕೆಂಪು ಮಾಂಸ ಕಮ್ಮಿ. ಬಿಪಿ ಇದ್ದವರಲ್ಲಿ ಮೇಲಿನ ಅಂಕಿ ಸರಾಸರಿ 11ರಷ್ಟು ಇಳಿಯಿತು. ಒಂದು ಮಾತ್ರೆಯಷ್ಟು ಕೆಲಸ. ತೂಕ ಒಂದು ಚೂರೂ ಇಳಿಯದೆ! 2001ರಲ್ಲಿ ಇದೇ ಊಟಕ್ಕೆ ಉಪ್ಪನ್ನೂ ಕಡಿಮೆ ಮಾಡಿ ನೋಡಿದಾಗ ಇನ್ನಷ್ಟು ಇಳಿಯಿತು.

ಇದರಲ್ಲಿ ಪೊಟ್ಯಾಸಿಯಂ ಪಾತ್ರ ದೊಡ್ಡದು ಅಂತ ನನ್ನ ಎಣಿಕೆ. ಹಣ್ಣು, ಸೊಪ್ಪು, ಕಾಳುಗಳಲ್ಲಿ ಅದು ತುಂಬಿದೆ. ಪೊಟ್ಯಾಸಿಯಂ ಬಂದರೆ ಕಿಡ್ನಿ ಉಪ್ಪಿನಲ್ಲಿರುವ ಸೋಡಿಯಂ ಬಿಡುತ್ತದೆ. ನಾವು ಮಾತ್ರ ಉಪ್ಪು ಕಮ್ಮಿ ಮಾಡಿ ಅಂತ ಒಂದೇ ಕಡೆ ಒದರುತ್ತೇವೆ, ಇನ್ನೊಂದು ಕಡೆ ಮರೆತುಬಿಡುತ್ತೇವೆ.

ಉಪ್ಪಿನ ಲೆಕ್ಕ ಬೇಗ ಹೇಳಿ ಮುಗಿಸುತ್ತೇನೆ. ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ದಿನಕ್ಕೆ 5 ಗ್ರಾಂ ಒಳಗೆ, ಅಂದರೆ ಒಂದು ಟೀ ಚಮಚಕ್ಕಿಂತ ಕಮ್ಮಿ. ಜಗತ್ತಿನ ಸರಾಸರಿ ಅದರ ಎರಡು ಪಟ್ಟು. ಪೊಟ್ಟಣದ ಮೇಲೆ ಉಪ್ಪು ಅಂತ ಬರೆಯದೆ ಸೋಡಿಯಂ ಅಂತ ಬರೆದಿದ್ದರೆ ಎರಡೂವರೆಯಿಂದ ಗುಣಿಸಿ. 800 ಮಿಲಿಗ್ರಾಂ ಸೋಡಿಯಂ ಅಂದರೆ 2 ಗ್ರಾಂ ಉಪ್ಪು. ನಾಲಿಗೆಯನ್ನು ನಂಬಬೇಡಿ. ಚಿಪ್ಸಿನ ಉಪ್ಪು ಮೇಲೆ ಉದುರಿಸಿದ್ದು, ನಾಲಿಗೆಗೆ ತಕ್ಷಣ ಸಿಗುತ್ತದೆ. ಬ್ರೆಡ್ಡಿನ ಉಪ್ಪು ಹಿಟ್ಟಿನೊಳಗೆ ಹೂತುಹೋಗಿರುತ್ತದೆ, ಸಪ್ಪೆ ಅನ್ನಿಸುತ್ತದೆ. ನಾಲ್ಕು ತುಂಡು ಬ್ರೆಡ್ಡಿನಲ್ಲಿ ಒಂದೂವರೆ ಗ್ರಾಂ ಆಸುಪಾಸು ಇರಬಹುದು. ಯಾರೂ ಬ್ರೆಡ್ಡನ್ನು ಉಪ್ಪಿನ ಪದಾರ್ಥ ಅನ್ನುವುದಿಲ್ಲ.

ತೂಕ ಮತ್ತು ಉಪ್ಪು ಒಂದೇ ಪೊಟ್ಟಣದಲ್ಲಿ ಬರುವುದೂ ಉಂಟು. 2019ರಲ್ಲಿ ಅಮೆರಿಕದಲ್ಲಿ ಕೆವಿನ್ ಹಾಲ್ ಅವರ ತಂಡ 20 ಜನರನ್ನು ಒಂದು ತಿಂಗಳು ಆಸ್ಪತ್ರೆಯಲ್ಲೇ ಇರಿಸಿಕೊಂಡಿತು. ಎರಡು ವಾರ ಕಾರ್ಖಾನೆಯಲ್ಲಿ ಸಿದ್ಧವಾಗಿ ಬರುವ ತಿನಿಸು, ಎರಡು ವಾರ ಸಾದಾ ಅಡುಗೆ. ತಟ್ಟೆಗೆ ಬಂದ ಸಕ್ಕರೆ, ಕೊಬ್ಬು, ಉಪ್ಪು, ನಾರು ಎರಡರಲ್ಲೂ ಸಮ. ಬೇಕಾದಷ್ಟು ತಿನ್ನಿ ಅಂದರು. ಕಾರ್ಖಾನೆ ತಿನಿಸಿನ ದಿನಗಳಲ್ಲಿ ಜನ ತಮಗೇ ಗೊತ್ತಿಲ್ಲದೆ ದಿನಕ್ಕೆ 500 ಕ್ಯಾಲೊರಿ ಜಾಸ್ತಿ ತಿಂದರು, ಹೆಚ್ಚುಕಮ್ಮಿ ಒಂದು ಕಿಲೋ ಏರಿದರು. ಮೆತ್ತಗಿರುತ್ತದೆ, ಬೇಗ ಇಳಿಯುತ್ತದೆ, ಹೊಟ್ಟೆ ತುಂಬಿತು ಅಂತ ಮೆದುಳಿಗೆ ತಿಳಿಯುವ ಮೊದಲೇ ತಟ್ಟೆ ಖಾಲಿ. ಹಾಗಾಗಿ ದಪ್ಪಗಿರುವವರನ್ನು ನೋಡಿ “ಬಾಯಿ ಕಟ್ಟೋಕಾಗಲ್ವಾ” ಅನ್ನುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಬಾಯಿ ಕಟ್ಟಲು ಆಗದ ಹಾಗೆಯೇ ಆ ತಿನಿಸು ತಯಾರಾಗಿರುತ್ತದೆ.

ತೂಕ ಇಳಿಸಿದರೆ ಎಷ್ಟು ಲಾಭ? 25 ಪ್ರಯೋಗಗಳನ್ನು ಒಟ್ಟು ಮಾಡಿ 2003ರಲ್ಲಿ ಹಾಕಿದ ಲೆಕ್ಕದಲ್ಲಿ, ಸುಮಾರು 5 ಕಿಲೋ ಇಳಿದವರ ಮೇಲಿನ ಅಂಕಿ 4.4, ಕೆಳಗಿನದು 3.6 ಇಳಿದಿತ್ತು. ಕಿಲೋಗೆ ಒಂದು ಅಂಕ ಅಂತ ಇಟ್ಟುಕೊಳ್ಳಿ. ನಲವತ್ತು ಕಿಲೋ ಇಳಿಸಿದರೆ ನಲವತ್ತು ಅಂತ ಮಾತ್ರ ಹಾಗೇ ಗುಣಿಸಬೇಡಿ. ವರ್ಷಗಟ್ಟಲೆ ಒತ್ತಡ ತಿಂದ ನಾಳ ಗಡಸಾಗಿರುತ್ತದೆ, ಕಿಡ್ನಿಯ ಸೋಸುಗಳಲ್ಲಿ ಕೆಲವು ಸತ್ತಿರುತ್ತವೆ. ಅವು ವಾಪಸ್ ಬರುವುದಿಲ್ಲ. ಬೇಗ ಶುರು ಮಾಡಿದವರಿಗೆ ಹೆಚ್ಚು ಸಿಗುತ್ತದೆ.

ಇಲ್ಲಿಂದ ಮುಂದೆ ಸಭಿಕರ ಪ್ರಶ್ನೆಗಳು.

“ನಾನು ಸಣ್ಣಗಿದ್ದೀನಿ, ಆದರೂ ಬಿಪಿ ಇದೆ. ನೀವು ಹೇಳಿದ್ದು ನನಗೆ ಲೆಕ್ಕಕ್ಕಿಲ್ಲವಾ?” ತೂಕದ ಭಾಗ ನಿಮಗೆ ಅಷ್ಟಾಗಿ ಇಲ್ಲ. ಮನೆತನ, ವಯಸ್ಸು, ಉಪ್ಪು, ಕುಡಿತ, ಕಿಡ್ನಿಯದೇ ತೊಂದರೆ, ದಿನಾ ನುಂಗುವ ನೋವಿನ ಮಾತ್ರೆ, ಇವೆಲ್ಲಾ ನೋಡಬೇಕು. ಅತಿಮಧುರ ಹಾಕಿದ ಕಷಾಯ ಕುಡಿಯುತ್ತೀರಾ ಅಂತಲೂ ಕೇಳುತ್ತೇನೆ. ಅದು ಜಾಸ್ತಿಯಾದರೆ ಆಲ್ಡೊಸ್ಟೆರೋನ್ ಹೆಚ್ಚಾದ ಹಾಗೆಯೇ ಉಪ್ಪು ಉಳಿಸುತ್ತದೆ. ಡ್ಯಾಶ್ ಊಟ ಸಣ್ಣಗಿರುವವರಿಗೂ ಕೆಲಸ ಮಾಡುತ್ತದೆ.

“ಗುಲಾಬಿ ಉಪ್ಪು, ಕಲ್ಲುಪ್ಪು ತಿಂದರೆ ಬಿಪಿ ಏರಲ್ಲ ಅಂತಾರೆ?” ಬಣ್ಣ ಬೇರೆ, ಸೋಡಿಯಂ ಹೆಚ್ಚುಕಮ್ಮಿ ಅಷ್ಟೇ. ನಿಜವಾಗಿ ಬೇರೆಯಾದದ್ದು ಪೊಟ್ಯಾಸಿಯಂ ಬೆರೆಸಿದ ಉಪ್ಪು. ಚೀನಾದ 600 ಹಳ್ಳಿಗಳಲ್ಲಿ ಕಾಲು ಭಾಗ ಪೊಟ್ಯಾಸಿಯಂ ಕ್ಲೋರೈಡ್ ಇರುವ ಉಪ್ಪನ್ನು ಐದು ವರ್ಷದ ಹತ್ತಿರ ಕೊಟ್ಟು ನೋಡಿದರು, 2021ರಲ್ಲಿ ಫಲಿತಾಂಶ ಬಂತು. ಪಾರ್ಶ್ವವಾಯು 14 ಶೇಕಡಾ ಕಮ್ಮಿಯಾಗಿತ್ತು. ಆದರೆ ಕಿಡ್ನಿ ತೊಂದರೆ ಇರುವವರು, ಪೊಟ್ಯಾಸಿಯಂ ಉಳಿಸುವ ಮಾತ್ರೆ ತೆಗೆದುಕೊಳ್ಳುವವರು ವೈದ್ಯರನ್ನು ಕೇಳದೆ ಇದನ್ನು ಮುಟ್ಟಬಾರದು. ರಕ್ತದಲ್ಲಿ ಪೊಟ್ಯಾಸಿಯಂ ಏರಿದರೆ ಹೃದಯದ ಬಡಿತವೇ ತಪ್ಪುತ್ತದೆ. ‘ಪ್ರಿಲ್’, ‘ಸಾರ್ಟನ್’ ಮಾತ್ರೆಯವರಿಗೂ ಇದೇ ಮಾತು.

“ತೂಕ ಇಳಿಸಿದರೆ ಮಾತ್ರೆ ಬಿಡಬಹುದಾ?” ಕೆಲವರು ಬಿಡುತ್ತಾರೆ, ಹಲವರಿಗೆ ಪ್ರಮಾಣ ಇಳಿಯುತ್ತದೆ. ನೀವೇ ತೀರ್ಮಾನ ಮಾಡಬೇಡಿ. ಇದಕ್ಕಿಂತ ಹೆಚ್ಚಾಗಿ ನಾನು ನೋಡುವುದು ಇನ್ನೊಂದು. ಚೆನ್ನಾಗಿ ತೂಕ ಇಳಿಸಿರುತ್ತಾರೆ, ಮಾತ್ರೆ ಮಾತ್ರ ಹಳೇ ಲೆಕ್ಕದ್ದೇ. ಬೆಳಿಗ್ಗೆ ಹಾಸಿಗೆಯಿಂದ ಎದ್ದು ನಿಂತ ತಕ್ಷಣ ಕಣ್ಣು ಕತ್ತಲೆ. ಆರೋಗ್ಯ ಕೆಟ್ಟಿತು ಅಂತ ಹೆದರಿ ಮತ್ತೆ ತಿನ್ನಲು ಶುರು ಮಾಡುತ್ತಾರೆ. ತೂಕ ಇಳಿಯುತ್ತಿರುವಾಗ ಮನೆಯಲ್ಲಿ ಬಿಪಿ ಬರೆದಿಟ್ಟುಕೊಂಡು, ಆ ಕಾಗದ ಹಿಡಿದು ವೈದ್ಯರ ಹತ್ತಿರ ಹೋಗಿ.

ಕೊನೆಗೆ, ಮೊದಲು ಮೇಲೆ ಬಂದಿದ್ದವರೇ ಕೈ ಎತ್ತಿದರು. “ಮನೆಗೆ ಯಂತ್ರ ತಗೋಬೇಕು ಅಂದ್ಕೊಂಡಿದ್ದೀನಿ. ಯಾವ ಪಟ್ಟಿ ಕೇಳಲಿ?” ಟೇಪು ಹಿಡಿದು ಅವರ ತೋಳಿನ ನಡುಭಾಗ ಅಳೆದೆವು. 36 ಸೆಂಟಿಮೀಟರ್. ಡಬ್ಬಿಯ ಮೇಲೆ ಎಷ್ಟರಿಂದ ಎಷ್ಟು ಸೆಂಟಿಮೀಟರ್ ತೋಳಿಗೆ ಅಂತ ಬರೆದಿರುತ್ತದೆ, ಅದರೊಳಗೆ 36 ಬರಬೇಕು ಅಂದೆ. ಅವರು ಅಂಗೈ ಮೇಲೆ ಪೆನ್ನಿನಿಂದ 36 ಅಂತ ಬರೆದುಕೊಂಡು ಕೆಳಗಿಳಿದರು.